ಧಾರೆ ಹೇಗುಂಟು?

ನಮ್ಮ ಕಡೆ ಗಂಡಸಿಗೆ ಒಂದಕ್ಕೆ ಹೋಗುವಾಗ ತೊಂದರೆಯಾದರೆ ಅದಕ್ಕೆ ಇರುವುದು ಎರಡೇ ಹೆಸರು. ಉರಿದರೆ ಉಷ್ಣ, ಪದೇ ಪದೇ ಬಂದರೆ ಶುಗರ್. ನನಗೆ ಎರಡೂ ಇದೆ ಎಂದು ಮನೆಯವರು, ನೆಂಟರು, ಲಾರಿ ಡ್ರೈವರುಗಳು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದರು. ಮೂರನೆಯದೊಂದು ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಪ್ರಾಸ್ಟೇಟ್ ಎಂಬ ಅಂಗವೊಂದು ಅರವತ್ತು ವರ್ಷದಿಂದ ನನ್ನ ಕಿಬ್ಬೊಟ್ಟೆಯ ಕೆಳಗೆ ಕೂತಿತ್ತು. ಅದರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ನಾನು ದಾಬಸ್‌ಪೇಟೆಯಲ್ಲಿ, ಕಾರ್ಖಾನೆಗಳ ನಡುವೆ ಇರುವ ಒಂದು ವೇ ಬ್ರಿಡ್ಜಿನಲ್ಲಿ ಕೆಲಸ ಮಾಡುತ್ತೇನೆ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ. ಲೋಡ್ ಇದ್ದಾಗ ಒಂದು ತೂಕ, ಇಳಿಸಿ ಬಂದ ಮೇಲೆ ಖಾಲಿ ತೂಕ. ಚೀಟಿ ತೆಗೆದು ಕೊಡುವುದು ನನ್ನ ಕೆಲಸ. ಗಾಜಿನ ಗೂಡಿನಿಂದ ನಾನು ಎದ್ದು ಹೋದರೆ ಸಾಲಿನಲ್ಲಿರುವ ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತವೆ. ಹಿಂದಿನ ಶೌಚಾಲಯದಲ್ಲಿ ಗೋಡೆ ನೋಡುತ್ತ ನಿಂತರೆ ಬರುವುದು ತೊಟ್ಟು ತೊಟ್ಟು. ಮುಗಿಯಿತು ಎಂದು ಜಿಪ್ ಹಾಕಿಕೊಂಡು ಬಂದರೆ ಕುರ್ಚಿ ಬಿಸಿಯಾಗುವ ಮೊದಲೇ ಮತ್ತೆ ಅವಸರ.

"ಏನ್ ರಂಗಣ್ಣಾ, ಕೆರೆ ತುಂಬಿಸ್ತಿದ್ಯಾ?" ಎಂದು ಡ್ರೈವರುಗಳು ಹೊರಗಿನಿಂದ ಕೂಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಪ್ರಾಣ ಹೋಗುತ್ತಿತ್ತು.

ನನ್ನ ಹೆಂಡತಿ ಜಯಮ್ಮ ಶುಗರ್ ಪಕ್ಷದವಳು. ರಕ್ತ ಪರೀಕ್ಷೆಯಲ್ಲಿ ಶುಗರ್ ಇಲ್ಲ ಎಂದು ಬಂದರೂ ಅವಳು ನಂಬಲಿಲ್ಲ. ಕಾಫಿಗೆ ಸಕ್ಕರೆ ನಿಲ್ಲಿಸಿ, ಬೆಳಗಾದರೆ ಹಾಗಲಕಾಯಿ ರಸ ಹಿಡಿದುಕೊಂಡು ಎದುರಿಗೆ ನಿಲ್ಲುತ್ತಿದ್ದಳು. ನನ್ನ ಅಕ್ಕ ಗಂಗಮ್ಮ ಉಷ್ಣದ ಪಕ್ಷ. ಅವಳನ್ನು ತ್ಯಾಮಗೊಂಡ್ಲು ಹತ್ತಿರದ ಹಳ್ಳಿಗೆ ಕೊಟ್ಟಿದೆ, ತೆಂಗಿನ ತೋಟವಿದೆ. ಹೋದಾಗಲೆಲ್ಲ ಹೊಕ್ಕುಳಿಗೂ ಕಾಲಿನ ಹೆಬ್ಬೆರಳಿಗೂ ಹರಳೆಣ್ಣೆ ಹಚ್ಚಿಸಿ, ಕಾಮಕಸ್ತೂರಿ ಬೀಜದ ನೀರು ಕುಡಿಸಿ, ಎಳನೀರು ಕೆತ್ತಿಸುತ್ತಿದ್ದಳು.

"ಆ ಗಾಜಿನ ಗೂಡಲ್ಲಿ ಕೂತೂ ಕೂತೂ ಮೈಯೆಲ್ಲಾ ಕಾದೋಗೈತೆ ಕಣ್ಲಾ. ನೀರು ಕುಡಿ, ಎಲ್ಲಾ ಇಳ್ದೋಯ್ತದೆ."

ಕುಡಿಯುತ್ತಿದ್ದೆ. ಒಳಗೆ ಹೋಗಿದ್ದು ಹೊರಗೆ ಬರಲು ದಾರಿ ಇದೆಯೇ ಎಂದು ಯಾರೂ ಯೋಚಿಸಲಿಲ್ಲ. ದಿನವಿಡೀ ಲೋಡ್ ತೂಕ, ಖಾಲಿ ತೂಕ ಎನ್ನುವ ನಾನೂ ಯೋಚಿಸಲಿಲ್ಲ.

ಅದೇ ಹೊತ್ತಿಗೆ ನಮ್ಮ ಒಬ್ಬಳೇ ಮಗಳು ಚೈತ್ರಾಳ ಮದುವೆ ಗೊತ್ತಾಗಿತ್ತು. ಅವಳು ನೆಲಮಂಗಲದ ಒಂದು ಶಾಲೆಯಲ್ಲಿ ಟೀಚರ್. ಹುಡುಗ ಕುಂದಾಣದ ಕಡೆಯವನು. ನಮ್ಮಲ್ಲಿ ಮದುವೆ ಎಂದರೆ ಧಾರೆ. ಗಂಡು ಹೆಣ್ಣಿನ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟು, ಮೊದಲು ಹೆಣ್ಣಿನ ತಂದೆ ತಾಯಿ ಹಾಲು ಎರೆಯಬೇಕು. ಆಮೇಲೆ ನೆಂಟರು ಇಷ್ಟರು ಸಾಲಾಗಿ ಬಂದು ಎರೆಯುತ್ತಾರೆ. ಯಾರಿಗೆ ಪತ್ರಿಕೆ ಕೊಟ್ಟರೂ ಕೇಳುವುದು "ಧಾರೆ ಎಷ್ಟೊತ್ತಿಗೆ?" ಎಂದೇ. ಚೈತ್ರಾ ಚಿಕ್ಕವಳಿದ್ದಾಗಿನಿಂದ ನಾನು ಬೇರೆಯವರ ಮದುವೆಗಳಲ್ಲಿ ಹಾಲು ಎರೆಯುವಾಗ ನನ್ನ ಸರದಿಯನ್ನು ನೆನೆಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದೇನೆ. ಆ ದಿನ ನಾನು ಖಂಡಿತ ಅಳುತ್ತೇನೆ ಎಂದು ಜಯಮ್ಮ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದಳು.

ಮೊದಲ ಪತ್ರಿಕೆ ಅಕ್ಕನಿಗೇ ಕೊಡಬೇಕೆಂದು ತಮ್ಮ ಸೀನನ ಕಾರಿನಲ್ಲಿ ತ್ಯಾಮಗೊಂಡ್ಲು ಕಡೆಗೆ ಹೋದೆವು. ಬೆಳಗ್ಗೆ ಮನೆಯಲ್ಲಿ ಬಾರ್ಲಿ ನೀರು ಕುಡಿದಿದ್ದೆ. ಅಕ್ಕ ಎಳನೀರು ಕೆತ್ತಿಸಿದಳು, ಕುಡಿದೆ. ಇನ್ನೊಂದು ಕೊಟ್ಟಳು, ಅದನ್ನೂ ಕುಡಿದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತೋಟದ ಬೇಲಿಯ ಹತ್ತಿರ ಹೋಗಿ ನಿಂತೆ. ಬರಲಿಲ್ಲ. ತೊಟ್ಟೂ ಬರಲಿಲ್ಲ. ಉಸಿರು ಬಿಗಿಹಿಡಿದು ತಿಣುಕಿದೆ. ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಅಕ್ಕ ದೂರದಿಂದ "ಅನ್ನ ಆರೋಯ್ತದೆ ಬಾರ್ಲಾ" ಎಂದು ಕೂಗುತ್ತಿದ್ದಳು. ನಾನು ಬೇಲಿ ಕಂಬ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ.

ನೆಲಮಂಗಲದ ಆಸ್ಪತ್ರೆಗೆ ಬರುವ ದಾರಿಯಲ್ಲಿ ಒಂದೊಂದು ಹಂಪ್ ಬಂದಾಗಲೂ ನಾನು ಕಿರುಚಿದೆ. ಸೀನ ಸ್ಟೇರಿಂಗ್ ಹಿಡಿದು "ಸ್ವಲ್ಪ ತಡ್ಕೊ ಅಣ್ಣಾ, ತಡ್ಕೊ" ಎನ್ನುತ್ತಿದ್ದ. ತಡೆದುಕೊಳ್ಳುವುದೊಂದನ್ನು ಬಿಟ್ಟು ನನ್ನಿಂದ ಬೇರೇನೂ ಆಗುತ್ತಿರಲಿಲ್ಲ. ಅಲ್ಲಿ ಡ್ಯೂಟಿ ಡಾಕ್ಟರು ನನ್ನನ್ನು ಮಲಗಿಸಿ, ಏನೋ ಜಾರುವ ಮುಲಾಮು ಹಾಕಿ, ಮೂತ್ರದ ದಾರಿಯೊಳಗೆ ಟ್ಯೂಬ್ ತಳ್ಳಿದರು. ಆ ನೋವು ನೆನಪಿಲ್ಲ. ಆಮೇಲೆ ಟ್ಯೂಬಿನ ತುದಿಯ ಬ್ಯಾಗಿಗೆ ಮೂತ್ರ ಸುರಿದ ಸದ್ದು ನೆನಪಿದೆ. ಅಂಥ ಸುಖವನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಡಾಕ್ಟರ ಕೈ ಹಿಡಿದು "ನಮ್ಮಪ್ಪಾ" ಎಂದೆನಂತೆ.

ಅಂದು ಸಂಜೆ ಮಂಚದ ಪಕ್ಕ ತೂಗುತ್ತಿದ್ದ ಬ್ಯಾಗನ್ನು ನೋಡುತ್ತ ಮಲಗಿದ್ದಾಗ ಏನೋ ಆರಿಹೋಯಿತು. ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ನರ್ಸ್ ಬಂದು ಹೊದಿಕೆ ಸರಿಸಿ ನೋಡಿ ಹೋಗುವಾಗ ಯಾರದೋ ಮೈ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕಾಲು ಜೋಮು ಹಿಡಿದಾಗ ಮುಟ್ಟಿದರೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಮನಸ್ಸಿಗೇ ಜೋಮು ಹಿಡಿದಿತ್ತು. ಕಾಲಿನದಾದರೆ ಒದರಿದರೆ ಬಿಡುತ್ತದೆ.

ಮಾರನೆಯ ದಿನ ಮೂತ್ರದ ಕಾಯಿಲೆಯ ತಜ್ಞರು ಬಂದರು. ಮಂಗಳೂರು ಕಡೆಯ ಹೆಣ್ಣುಮಗಳು, ವಯಸ್ಸು ನನ್ನ ಮಗಳಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಅವರ ಕನ್ನಡ ನಮ್ಮ ಕಿವಿಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು.

"ಇದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ವೀರ್ಯಕ್ಕೆ ನೀರು ಸೇರಿಸುವುದು ಇದರ ಕೆಲಸ. ಮೂತ್ರದ ದಾರಿ ಇದರ ನಡುವಿಂದಲೇ ಹೋಗುವುದು. ಮೊದಲು ಬೆಟ್ಟದ ನೆಲ್ಲಿಕಾಯಿಯಷ್ಟು ಇರ್ತದೆ, ನಿಮ್ಮದು ಈಗ ಮೂಸಂಬಿ ಆಗಿದೆ. ದಾರಿ ಒತ್ತಿಹೋಗಿದೆ. ತುಂಬಾ ಜನಕ್ಕೆ ವಯಸ್ಸಾದ ಮೇಲೆ ಬರ್ತದೆ, ಹೆದರ್ಲಿಕ್ಕೆ ಏನಿಲ್ಲ."

"ಹಂಗಾರೆ ಉಷ್ಣ ಅಲ್ವಾ ಮೇಡಂ?" ಎಂದಳು ಜಯಮ್ಮ.

"ಅಲ್ಲ."

"ಶುಗರೂ ಅಲ್ವಾ?"

"ಅಲ್ಲಮ್ಮ."

ಜಯಮ್ಮ ನನ್ನ ಮುಖ ನೋಡಿದಳು. ಅಷ್ಟು ಹಾಗಲಕಾಯಿ ರಸ ಸುಮ್ಮನೆ ಕುಡಿಸಿದೆನಲ್ಲ ಎಂಬ ಸಂಕಟ ಅವಳಿಗೆ. ನನಗೆ ನಗುವೂ ಬರಲಿಲ್ಲ. ರಕ್ತದ ಇನ್ನೊಂದು ಪರೀಕ್ಷೆ ಸ್ವಲ್ಪ ಜಾಸ್ತಿ ತೋರಿಸುತ್ತಿದೆ, ಮೂತ್ರ ಕಟ್ಟಿದಾಗ ಹಾಗೆ ಬರುವುದುಂಟು, ಆದರೂ ಮುಂದೆ ಒಂದು ಚೂರು ತೆಗೆದು ಕ್ಯಾನ್ಸರಿಗೆ ಪರೀಕ್ಷೆ ಮಾಡಿಸಬೇಕು ಎಂದರು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು "ಮಾಡಿ" ಎಂದೆ.

ಮಾತ್ರೆ ಕೊಟ್ಟು, ಮುಂದಿನ ವಾರ ಟ್ಯೂಬ್ ತೆಗೆದು ನೋಡೋಣ ಎಂದು ಕಳಿಸಿದರು. ತಾನಾಗಿ ಹೋದರೆ ಸರಿ, ಹೋಗದಿದ್ದರೆ ಮತ್ತೆ ಟ್ಯೂಬ್, ಆಮೇಲೆ ಆಪರೇಷನ್.

ಟ್ಯೂಬ್ ತೆಗೆಸಲು ಹೋದ ದಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನಂಥವರೇ ತುಂಬಿದ್ದರು. ಒಬ್ಬರು ಬ್ಯಾಗಿನ ಮೇಲೆ ಟವೆಲ್ ಹೊದಿಸಿದ್ದರು, ಇನ್ನೊಬ್ಬರು ಬಟ್ಟೆ ಅಂಗಡಿಯ ಕವರಿನೊಳಗೆ ಇಟ್ಟಿದ್ದರು. ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ. ಎಲ್ಲರೂ ಗೋಡೆಯ ಟಿವಿ ನೋಡುತ್ತಿದ್ದೆವು, ಅದು ಆಫ್ ಆಗಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮೊಣಕೈ ತಟ್ಟಿ, ಪಂಚೆಯ ಅಂಚನ್ನು ಚೂರೇ ಎತ್ತಿ, ತಮ್ಮ ಬ್ಯಾಗ್ ತೋರಿಸಿ, "ನಂದೂ ಐತೆ" ಎಂದರು. ಅಷ್ಟೇ ಮಾತು. ಆ ದಿನಗಳಲ್ಲಿ ಕೇಳಿದ ಸಮಾಧಾನಗಳಲ್ಲಿ ನನ್ನ ಹತ್ತಿರ ಬಂದದ್ದು ಅದೊಂದೇ. ನಾನು ಇದನ್ನು ಬರೆಯುತ್ತಿರುವುದೂ ಅವರು ಹೇಳಿದಷ್ಟನ್ನೇ ಹೇಳಲು.

ಟ್ಯೂಬ್ ತೆಗೆದು ನೀರು ಕುಡಿಸಿದರು. ಹೊಟ್ಟೆ ತುಂಬಿದಾಗ ಒಂದು ಸ್ಕ್ಯಾನ್, ಹೋಗಿ ಬಂದ ಮೇಲೆ ಇನ್ನೊಂದು. ಒಳಗೆ ಎಷ್ಟು ಉಳಿಯಿತು ಎಂದು ನೋಡುವುದು. ನನ್ನ ವೇ ಬ್ರಿಡ್ಜಿನ ಕೆಲಸವೇ, ಆದರೆ ಈ ಸಲ ಹಲಗೆಯ ಮೇಲೆ ನಿಂತವನು ನಾನು. ಜಯಮ್ಮ ಮದುವೆ ಪತ್ರಿಕೆಯ ಕೈಚೀಲವನ್ನೂ ತಂದಿದ್ದಳು. ಆಸ್ಪತ್ರೆ ಮುಗಿಸಿ ನಾಲ್ಕು ಮನೆಗೆ ಹೋಗುವುದಿತ್ತು. ಕಾಯುವಾಗ ಛತ್ರ, ಅಡುಗೆ, ಸೀರೆ ಎಂದು ನರ್ಸ್ ಹತ್ತಿರ ಮದುವೆಯ ಮಾತೇ ಮಾತು.

ಶೌಚಾಲಯದಲ್ಲಿ ತುಂಬ ಹೊತ್ತು ನಿಂತೆ. ನಾಲ್ಕು ಹನಿ ಬಿತ್ತು. ಹೊರಗೆ ಬಂದಾಗ ಎದುರಿಗೆ ಡಾಕ್ಟರಮ್ಮ.

"ಹಾಂ, ಧಾರೆ ಹೇಗುಂಟು?"

ಮಂಕು ಕವಿದ ತಲೆಯಲ್ಲಿ ಆ ಮಾತಿಗೆ ನನಗೆ ಗೊತ್ತಿದ್ದ ಅರ್ಥ ಒಂದೇ. "ಎಲ್ಲಾ ರೆಡಿ ಇದೆ ಮೇಡಂ. ಬೆಳಗ್ಗೆ ಒಂಬತ್ತೂವರೆ ಮೇಲೆ ಮುಹೂರ್ತ. ತಾವೂ ಬಂದು ಎರ್ಕೊಡ್ಬೇಕು" ಎಂದೆ. ಜಯಮ್ಮ ಚೀಲದಿಂದ ಪತ್ರಿಕೆ ತೆಗೆದು, ಅರಿಶಿನ ಕುಂಕುಮದ ಸಮೇತ ಎರಡೂ ಕೈಯಲ್ಲಿ ಚಾಚಿದಳು.

ಡಾಕ್ಟರಮ್ಮ ಪತ್ರಿಕೆ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ಮಾರಾಯ್ರೆ, ನಾನು ಕೇಳಿದ್ದು ಮೂತ್ರದ ಧಾರೆ!" ನರ್ಸ್ ಗೋಡೆಗೆ ಒರಗಿಕೊಂಡು ನಕ್ಕಳು. ಬೆಂಚಿನಲ್ಲಿದ್ದ ಬ್ಯಾಗಿನವರೆಲ್ಲ ನಕ್ಕರು. ಜಯಮ್ಮ ನಾಚಿ ಕೆಂಪಾಗಿ ಅವಳೂ ನಕ್ಕಳು. ನಾನು ಎಲ್ಲರೂ ನಗುವುದನ್ನು ನೋಡುತ್ತ ನಿಂತಿದ್ದೆ. ಸ್ಕ್ಯಾನಿನಲ್ಲಿ ಒಳಗಿದ್ದದ್ದು ಒಳಗೇ ಇತ್ತು. ಟ್ಯೂಬ್ ಮತ್ತೆ ಹಾಕಿದರು.

ಈಗಲೇ ಆಪರೇಷನ್ ಮಾಡಿಸಿದರೆ ಮದುವೆಯಲ್ಲಿ ಓಡಾಡುವಂತಿಲ್ಲ, ಭಾರ ಎತ್ತುವಂತಿಲ್ಲ. ಮದುವೆ ಮುಗಿಸಿ ಬರುತ್ತೇನೆ ಎಂದರೆ ಅಲ್ಲಿಯವರೆಗೆ ಟ್ಯೂಬ್ ಇರಬೇಕು. ನಾವು ಮದುವೆ ಮುಗಿಸೋಣ ಎಂದೆವು. ತೊಡೆಗೆ ಕಟ್ಟಿಕೊಳ್ಳುವ ಚಿಕ್ಕ ಬ್ಯಾಗ್ ಕೊಟ್ಟರು.

ವಿಷಯ ಅಕ್ಕನಿಗೆ ತಿಳಿಯಿತು. ಮನೆಗೆ ಬಂದು, ಸೀನನನ್ನೂ ಕೂರಿಸಿಕೊಂಡು, ನೇರವಾಗಿ ಹೇಳಿದಳು.

"ಉಚ್ಚೆ ಚೀಲ ಕಟ್ಕಂಡು ಧಾರೆ ಎರೆಯಕ್ಕಾಯ್ತದೇನ್ಲಾ? ಮೈಲಿಗೆ. ಹುಡ್ಗಿಗೆ ಒಳ್ಳೇದಾಗ್ಬೇಕಲ್ಲ. ಸೀನ, ಅವ್ನ ಹೆಂಡ್ತಿ ಕೂತ್ಕಂಡು ಎರೀಲಿ. ಚಿಕ್ಕಪ್ಪನೂ ಅಪ್ಪನೇ."

"ಅಕ್ಕಾ, ಏನ್ ಮಾತಾಡ್ತೀಯಾ" ಎಂದು ಸೀನ ತಲೆ ತಗ್ಗಿಸಿದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸಿಟ್ಟಾಗಬೇಕಿತ್ತು. ಇಷ್ಟು ವರ್ಷ ಕಾದದ್ದು ಇದೊಂದಕ್ಕೇ ಎಂದು ಕೂಗಬೇಕಿತ್ತು. ಒಳಗೆ ಹುಡುಕಿದೆ, ಏನೂ ಸಿಗಲಿಲ್ಲ.

"ಆಗ್ಲಿ. ಸೀನನೇ ಎರೀಲಿ" ಎಂದೆ.

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚೈತ್ರಾ ಅದನ್ನು ಅಲ್ಲೇ ನೆಲದ ಮೇಲೆ ಇಟ್ಟು ಒಳಗೆ ಹೋದಳು. ಅಕ್ಕ ಹೋದ ಮೇಲೆ ಜಯಮ್ಮ ನನ್ನೆದುರು ನಿಂತಳು.

"ಏನ್ರೀ ಆಗೈತೆ ನಿಮ್ಗೆ? ಕ್ಯಾನ್ಸರ್ ಇರ್ಬೋದು ಅಂದ್ರೆ ಹೂಂ, ಮಗಳ ಧಾರೆ ಬಿಟ್ಕೊಡು ಅಂದ್ರೆ ಹೂಂ. ಅಳು ಬರಲ್ವಾ? ಹೋಗ್ಲಿ, ಕೋಪಾನಾದ್ರೂ ಬರ್ಬಾರ್ದಾ?"

"ಬರ್ತಿಲ್ಲ ಕಣೇ" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನಲ್ಲಿರಲಿಲ್ಲ.

ಎರಡು ದಿನ ಚೈತ್ರಾ ನನ್ನೊಡನೆ ಮಾತಾಡಲಿಲ್ಲ. ಬ್ಯಾಗ್ ತುಂಬಿದಾಗ ಮಾತ್ರ ಬಕೆಟ್ ತಂದಿಟ್ಟು ಹೋಗುತ್ತಿದ್ದಳು.

ಮದುವೆ ಮಾಡಿಸುವ ಅಯ್ನೋರು ಮುಹೂರ್ತದ ಹೊತ್ತು ಇನ್ನೊಮ್ಮೆ ನೋಡಿ ಹೇಳಲು ಮನೆಗೆ ಬಂದರು. ಅಕ್ಕನೂ ಇದ್ದಳು. ಜಯಮ್ಮ ಬೇಕೆಂದೇ ಅವಳ ಮುಂದೆಯೇ ಕೇಳಿದಳು. ಅಯ್ನೋರು ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡರು.

"ಗಂಗಮ್ಮಾ, ನಿನ್ನತ್ರಾನೂ ಆ ಚೀಲ ಐತೆ, ನನ್ನತ್ರಾನೂ ಐತೆ. ನಮ್ದು ಒಳಗೈತೆ, ಇವ್ನದು ಹೊರಗೈತೆ, ಅಷ್ಟೆ. ಧಾರೆಗೆ ಮುಂಚೆ ಖಾಲಿ ಮಾಡಿ, ಸ್ನಾನ ಮಾಡ್ಕೊಂಡು ಬರ್ಲಿ. ನಮಗಿಂತ ಅವನೇ ಮಡಿ."

ಅಕ್ಕ ಎಲೆ ಅಡಿಕೆಯ ತಟ್ಟೆಯನ್ನು ಅವರ ಕಡೆಗೆ ಸರಿಸಿದಳು. ಅಯ್ನೋರು ಹೋದ ಮೇಲೆ ಚೈತ್ರಾ ನನ್ನ ಮಂಚದ ತುದಿಯಲ್ಲಿ ಕೂತಳು.

"ಅವ್ರು ಹೇಳಿದ್ದು ಬಿಡಪ್ಪಾ. ನಿಂಗೆ ಎರೀಬೇಕು ಅಂತ ಇದ್ಯಾ ಇಲ್ವಾ?"

"ಇದೆ ಮಗಳೇ" ಎಂದೆ. ಇದ್ದು ಹೇಳಿದ್ದಲ್ಲ. ಇರಬೇಕಿತ್ತು ಎಂದು ಗೊತ್ತಿತ್ತು, ಅದಕ್ಕೆ ಹೇಳಿದೆ. ಅವಳು ನನ್ನ ಮುಖ ನೋಡಿ, ಸರಿ ಎಂದು ಎದ್ದಳು.

ಜಯಮ್ಮ ಹಳೆಯ ಬಿಳಿ ಪಂಚೆಯ ಬಟ್ಟೆಯಲ್ಲಿ ಬ್ಯಾಗಿಗೊಂದು ಸಂಚಿ ಹೊಲಿದಳು. ತೊಡೆಗೆ ಕಚ್ಚದಂತೆ ಲಾಡಿ ಇಟ್ಟಳು. ಛತ್ರದಲ್ಲಿ ಬೆಳಗ್ಗೆ ಸ್ನಾನವಾದ ಮೇಲೆ ಅವಳೇ ಅದನ್ನು ಕಟ್ಟಿದಳು. ರೇಷ್ಮೆ ಪಂಚೆ ಉಟ್ಟ ಮೇಲೆ ಏನೂ ಕಾಣುತ್ತಿರಲಿಲ್ಲ. ನಡೆಯುವಾಗ ಮಾತ್ರ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ನೆಂಟರೊಬ್ಬರು "ಮಂಡಿ ನೋವಾ ರಂಗಣ್ಣಾ?" ಎಂದರು. ಹೂಂ ಎಂದೆ.

ಧಾರೆಯ ಹೊತ್ತಿಗೆ ಜನ ಮಂಟಪಕ್ಕೆ ನುಗ್ಗಿದರು. ಆಗ ನನ್ನ ಎಡಗಡೆಗೆ ಬಂದು ಅಡ್ಡ ನಿಂತವಳು ಅಕ್ಕ. "ಈ ಕಡೆಯಿಂದ ಯಾರೂ ಬರ್ಬ್ಯಾಡಿ, ಆ ಕಡೆಯಿಂದ ಬನ್ನಿ" ಎಂದು ಎಲ್ಲರನ್ನೂ ತಳ್ಳುತ್ತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಗಟ್ಟಿಮೇಳವಾಯಿತು. ನಾನೂ ಜಯಮ್ಮನೂ ಹಾಲು ಎರೆದೆವು. ಚೈತ್ರಾಳ ಬೆರಳ ಸಂದಿಯಿಂದ ಹಾಲು ತಟ್ಟೆಗೆ ಇಳಿಯಿತು. ಜಯಮ್ಮ ಬಿಕ್ಕುತ್ತಿದ್ದಳು. ಸೀನ ಕಣ್ಣು ಒರೆಸಿಕೊಂಡ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ಕಣ್ಣು ಒಣಗಿತ್ತು. ರಂಗಣ್ಣ ಎಷ್ಟು ಗಟ್ಟಿ ನೋಡಿ ಎಂದು ಯಾರೋ ಮೆಚ್ಚಿಕೊಂಡರು.

ಕಳಿಸಿಕೊಡುವಾಗ ಚೈತ್ರಾ ಅವಳಮ್ಮನನ್ನು ತಬ್ಬಿಕೊಂಡು ಅತ್ತಳು. ನನ್ನ ಹತ್ತಿರ ಬಂದವಳು ಅಳಲಿಲ್ಲ. ಕಿವಿಯ ಹತ್ತಿರ ಬಾಗಿ, "ಅಪ್ಪಾ, ಬ್ಯಾಗ್ ತುಂಬಿರ್ತದೆ. ಖಾಲಿ ಮಾಡ್ಕೊ ಹೋಗು" ಎಂದಳು. ಸರಿ ಎಂದು ಅವಳ ತಲೆ ಸವರಿದೆ. ಕಾರು ಹೋಯಿತು. ನಾನು ಹೋಗಿ ಬ್ಯಾಗ್ ಖಾಲಿ ಮಾಡಿಕೊಂಡೆ.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ ಮರಗಟ್ಟಿತು. ಅರಿವಳಿಕೆಯ ಡಾಕ್ಟರು ಕಾಲು ಚಿವುಟಿ "ಗೊತ್ತಾಗುತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಸೊಂಟದ ಮೇಲೂ ಎಷ್ಟೋ ದಿನದಿಂದ ಹಾಗೇ ಇದೆ ಎಂದು ಹೇಳೋಣ ಅನ್ನಿಸಿತು, ಹೇಳಲಿಲ್ಲ. ಮೂತ್ರದ ದಾರಿಯಿಂದಲೇ ಹೋಗಿ, ಬೆಳೆದದ್ದನ್ನು ಚೂರು ಚೂರಾಗಿ ಕೆರೆದು ತೆಗೆದು, ಆ ಚೂರುಗಳನ್ನೇ ಕ್ಯಾನ್ಸರ್ ಪರೀಕ್ಷೆಗೆ ಕಳಿಸಿದರು. ಮೊದಲ ದಿನ ಬ್ಯಾಗಿನಲ್ಲಿ ಕೆಂಪು ನೀರು, ಆಮೇಲೆ ತಿಳಿಗೆಂಪು, ಆಮೇಲೆ ಬರಿಯ ನೀರು. ಟ್ಯೂಬ್ ಇಟ್ಟುಕೊಂಡೇ ಮನೆಗೆ ಕಳಿಸಿದರು.

ಟ್ಯೂಬ್ ತೆಗೆಯಲು ಹೋದ ದಿನವೇ ಚೂರಿನ ಪರೀಕ್ಷೆಯ ಫಲಿತಾಂಶವೂ ಬಂದಿತ್ತು. "ಕ್ಯಾನ್ಸರ್ ಇಲ್ಲ" ಎಂದರು ಡಾಕ್ಟರಮ್ಮ. ಜಯಮ್ಮ ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತಳು. ನಾನು "ಸರಿ ಮೇಡಂ" ಎಂದೆ. ಟ್ಯೂಬ್ ತೆಗೆದರು. ಹಿಂದಿನ ಸಲದಂತೆಯೇ ನೀರು ಕುಡಿಸಿ, ಅದೇ ಬೆಂಚಿನಲ್ಲಿ ಕೂರಿಸಿದರು.

ಅದೇ ಶೌಚಾಲಯ, ಅದೇ ಗೋಡೆ. ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಚುರ್ ಎಂದು ಉರಿಯಿತು. ಆ ಉರಿಯ ಹಿಂದೆಯೇ ಬಂತು. ತೊಟ್ಟಲ್ಲ, ಹನಿಯಲ್ಲ, ಧಾರೆ. ಸದ್ದು ಮಾಡಿಕೊಂಡು ಬಂತು. ಎಷ್ಟು ವರ್ಷವಾಗಿತ್ತೋ ಆ ಸದ್ದು ಕೇಳಿ. ಅದನ್ನು ಕೇಳುತ್ತ ನಿಂತಾಗ ಚೈತ್ರಾಳ ಬೆರಳ ಸಂದಿಯಿಂದ ಇಳಿದ ಹಾಲು ಕಣ್ಣ ಮುಂದೆ ಬಂತು. ಬ್ಯಾಗ್ ತುಂಬಿರುತ್ತದೆ, ಖಾಲಿ ಮಾಡ್ಕೊ ಹೋಗು. ತವರಿನಿಂದ ಹೊರಡುವ ಹುಡುಗಿ ಅಪ್ಪನಿಗೆ ಹೇಳುವ ಮಾತೇ ಅದು? ತಾನು ಅತ್ತರೆ ಅಪ್ಪ ಬ್ಯಾಗ್ ಮರೆತು ನಿಂತಲ್ಲೇ ನಿಂತುಬಿಡುತ್ತಾನೆಂದು ಕೂಸು ಅಳುವುದನ್ನು ಬಿಟ್ಟು ಹಾಗೆ ಹೇಳಿದ್ದಳು. ನನ್ನ ಮಗಳು ಮನೆಯಿಂದ ಹೋದಳು ಎಂಬುದು ನನಗೆ ಗೊತ್ತಾದದ್ದು ಆಗ. ಗೋಡೆಗೆ ಹಣೆ ಒತ್ತಿಕೊಂಡು ಅತ್ತೆ. ಕೆಳಗಿನದು ನಿಂತ ಮೇಲೂ ಕಣ್ಣಿನದು ನಿಲ್ಲಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಡಾಕ್ಟರಮ್ಮ, ಅವರ ಪಕ್ಕದಲ್ಲಿ ಜಯಮ್ಮನ ಬಳೆಯ ಸದ್ದು.

"ಎಂತ ಆಯ್ತು? ಧಾರೆ ಹೇಗುಂಟು?"

ಮುಖ ಒರೆಸಿಕೊಂಡು ಬಾಗಿಲು ತೆಗೆದೆ.

"ಆಯ್ತು ಮೇಡಂ" ಎಂದೆ. "ಈಗ ಆಯ್ತು."